ಕೆಳಗೆ ಅಂಗಡಿ, ಮೇಲೆ ಮನೆ

ಮನೆಯನ್ನು ಕೊಳ್ಳಲು ಹೊರಟವರ ಕೈಗೆ ಮನೆಗಿಂತ ಮೊದಲು ಬರುವುದು ಮನೆಯ ಚಿತ್ರಗಳ ಪುಸ್ತಕ. 2018ರ ಕಡೆಯ ತಿಂಗಳುಗಳಲ್ಲಿ ಅಂತಹ ಪುಸ್ತಕವೊಂದು ನಮ್ಮ ಮನೆಗೂ ಬಂದಿತು. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ಆಗತಾನೆ ಕಟ್ಟಿ ಮುಗಿಸಿದ್ದ ಒಂದು ಭಾರಿ ಕಟ್ಟಡ ಸಮೂಹದ ವರ್ಣನೆ ಅದರಲ್ಲಿದ್ದಿತು. ಕೆಳಗಿನ ಮೂರು ಅಂತಸ್ತುಗಳಲ್ಲಿ ಅಂಗಡಿಗಳ ಮಾಲು. ಅದರ ಮಗ್ಗುಲಲ್ಲಿ ಕಚೇರಿಗಳು, ಚಿಕಿತ್ಸಾಲಯ, ಸಿನಿಮಾ ಮಂದಿರ. ಇವೆಲ್ಲದರ ನೆತ್ತಿಯ ಮೇಲೆ ಸಾಲುಸಾಲಾಗಿ ಆರುನೂರು ಮನೆಗಳು.

ಅದನ್ನು ವಿವರಿಸಲು ಬಂದ ಯುವಕನು ಬಹಳ ವಿನಯಶಾಲಿ. ಹಾಲು, ತರಕಾರಿ, ಔಷಧ, ವಿನೋದ, ಯಾವುದಕ್ಕೂ ರಸ್ತೆಯನ್ನು ದಾಟಬೇಕಾಗಿಲ್ಲವೆಂದೂ, ವಾಸವನ್ನೂ ವ್ಯಾಪಾರವನ್ನೂ ಒಂದೇ ಸೂರಿನಡಿಗೆ ತಂದ ಇಂತಹ ಏರ್ಪಾಡು ನಮ್ಮ ಊರಿಗೆ ತೀರ ಹೊಸದೆಂದೂ ಅವನು ಹೇಳಿದನು. ಎಂಬತ್ತು ವರ್ಷದ ನಮ್ಮ ಅತ್ತೆಯವರು ಕಾಲನ್ನು ಚಾಚಿಕೊಂಡು ಕುಳಿತು ಎಲ್ಲವನ್ನೂ ಕೇಳಿದರು. ಮಾತು ಮುಗಿದ ಮೇಲೆ, “ಅಲ್ಲಪ್ಪಾ, ಕೆಳಗೆ ಅಂಗಡಿ, ಮೇಲೆ ಮನೆ, ನಾನು ಅರುವತ್ತು ವರ್ಷದಿಂದ ಇರುವುದೇ ಅಂತಹದರಲ್ಲಿ. ಇದರಲ್ಲಿ ಹೊಸದು ಯಾವುದು?” ಎಂದರು. “ಅಜ್ಜೀ, ಇದು ಬೇರೆ ತರಹ” ಎಂದು ಅವನು ನಕ್ಕನು. “ಹಾಗಾದರೆ ಒಂದು ಮಾತು ಹೇಳು. ಕೆಳಗಿನ ಅಂಗಡಿಯವನು ರಾತ್ರಿ ಎಲ್ಲಿ ಮಲಗುತ್ತಾನೆ?” ಯುವಕನು ಪುಸ್ತಕದ ಹಾಳೆಗಳನ್ನು ತಿರುವಿದನು. ಆ ಪ್ರಶ್ನೆಗೆ ಅದರಲ್ಲಿ ಚಿತ್ರವಿರಲಿಲ್ಲ.

ಅಂದು ಆ ಮಾತನ್ನು ಮುದುಕರ ಹಾಸ್ಯವೆಂದು ನಾವೆಲ್ಲ ನಕ್ಕು ಮರೆತೆವು. ಆದರೆ ಹಳೆಯ ಬಗೆಯ ಅಂಗಡಿಯ ಮೇಲಿನ ಮನೆಯಲ್ಲಿ ಮೂವತ್ತೈದು ವರ್ಷವೂ, ಹೊಸ ಬಗೆಯದರಲ್ಲಿ ಈಚಿನ ಆರು ವರ್ಷವೂ ಬಾಳಿದ ಮೇಲೆ ನನಗೆ ತೋರುವುದೇನೆಂದರೆ, ಎರಡರ ಗುಣದೋಷಗಳೂ ಆ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತವೆ. ಮನೆ ಹುಡುಕುತ್ತಿರುವ ಸಂಸಾರವಂತರಿಗೆ ನನ್ನ ಅನುಭವದಿಂದ ಕಿಂಚಿತ್ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿರುವೆನು.

ನಾನು ಸೊಸೆಯಾಗಿ ಆ ಮನೆಯನ್ನು ಹೊಕ್ಕದ್ದು 1984ರಲ್ಲಿ. ತೆಂಗು ಕರಿಬೇವುಗಳ ಹಿತ್ತಿಲಿದ್ದ ಮನೆಯಲ್ಲಿ ಬೆಳೆದವಳಿಗೆ ಬಳೇಪೇಟೆ ಚಿಕ್ಕಪೇಟೆಗಳ ನಡುವಣ ಆ ಓಣಿಯು ಬೀದಿಯೆಂದೇ ತೋರಲಿಲ್ಲ. ಕೆಳಗೆ ನೂಲು, ಗುಂಡಿ, ಜರಿಯಂಚುಗಳ ಅಂಗಡಿ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅದನ್ನು ಬಾಡಿಗೆಗೆ ಹಿಡಿದಿದ್ದ ಶೆಟ್ಟರ ಸಂಸಾರ. ಪಕ್ಕದಲ್ಲಿ ಹತ್ತೊಂಬತ್ತು ಕಡಿದಾದ ಮೆಟ್ಟಿಲುಗಳು. ಅವುಗಳ ಮೇಲೆ ನಮ್ಮ ಮನೆ. ಓಣಿಗೆ ಮುಖಮಾಡಿದ ಒಂದು ಕಿಟಕಿ. ಆ ಕಿಟಕಿಯ ಕಂಬಿಗೆ ಕಟ್ಟಿದ ಒಂದು ಹಗ್ಗ. ಹಗ್ಗದ ತುದಿಗೆ ಒಂದು ಬಿದಿರಿನ ಬುಟ್ಟಿ. ಹೂವಾಡಗಿತ್ತಿಯ ಕೂಗು ಕೇಳಿದೊಡನೆ ಅತ್ತೆಯವರು ಬುಟ್ಟಿಯಲ್ಲಿ ಎಂಟಾಣೆಯನ್ನು ಹಾಕಿ ಇಳಿಯಬಿಡುವರು. ಬುಟ್ಟಿಯು ಒಂದು ಮೊಳ ಮಲ್ಲಿಗೆಯೊಡನೆ ಮೇಲಕ್ಕೆ ಬರುವುದು. ಸೊಪ್ಪು, ನಿಂಬೆಹಣ್ಣು, ಶೆಟ್ಟರ ಅಂಗಡಿಯ ಸೂಜಿ, ಅಂಚೆಯವನ ಕಾಗದ, ಎಲ್ಲಕ್ಕೂ ಅದೇ ಮಾರ್ಗ. ಈಗಿನ ಲಿಫ್ಟುಗಳನ್ನು ಕಂಡು ನಾನು ಅಷ್ಟಾಗಿ ಬೆರಗಾಗದಿರುವುದಕ್ಕೆ ಆ ಬುಟ್ಟಿಯೇ ಕಾರಣವಿರಬೇಕು.

ಮನೆಗೆ ಬೀಗ ಹಾಕಿ ಹೊರಟರೆ ಬೀಗದ ಕೈ ಶೆಟ್ಟರ ಗಲ್ಲಾ ಪೆಟ್ಟಿಗೆಯ ಪಕ್ಕದ ಮೊಳೆಗೆ. ನಮಗೆ ಟೆಲಿಫೋನಿಲ್ಲದ ಆ ದಿನಗಳಲ್ಲಿ ನನ್ನ ತವರಿನ ಸುಖದುಃಖಗಳೆಲ್ಲ ಶೆಟ್ಟರ ಅಂಗಡಿಯ ಟೆಲಿಫೋನಿನ ಮೂಲಕವೇ ಮೇಲಕ್ಕೆ ಏರುತ್ತಿದ್ದವು. ನಮ್ಮ ಮಗನಿಗೆ ಮೂರು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ನಾನು ಒಗೆದ ಬಟ್ಟೆಯನ್ನು ಮಾಳಿಗೆಯಲ್ಲಿ ಹರವುತ್ತಿರಲು ಅವನು ಮೆಟ್ಟಿಲಿಳಿದು ಮಾಯವಾದನು. ಎದೆ ಬಾಯಿಗೆ ಬಂದಂತಾಗಿ ನಾನು ಓಡಿ ಇಳಿದೆನು. ಅಷ್ಟರಲ್ಲಿಯೇ ಅವನು ಹಿಂದಿರುಗುತ್ತಿದ್ದನು: ಪಾತ್ರೆಯಂಗಡಿಯವರು ಅವನನ್ನು ತಡೆದು ಬಳೆಗಾರನಿಗೆ ಒಪ್ಪಿಸಿದ್ದರು; ಬಳೆಗಾರನು ವೀಣೆ ತಂಬೂರಿಗಳನ್ನು ರಿಪೇರಿ ಮಾಡುವವರಿಗೆ ಒಪ್ಪಿಸಿದ್ದನು; ಅವರು ಕೈಗೊಂದು ಬೆಲ್ಲದ ಚೂರನ್ನು ಕೊಟ್ಟು ಶೆಟ್ಟರ ಹುಡುಗನೊಡನೆ ಕಳುಹಿಸಿದ್ದರು. ಅವನು ಯಾರ ಮಗನೆಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಆದರೆ ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಹೊಗಳಿದರೆ ಸತ್ಯಕ್ಕೆ ಅಪಚಾರವಾಗುವುದು. ಮಗನು ಎಲ್ಲಿಗೆ ಹೋದನೆಂಬುದನ್ನು ಬಲ್ಲ ಕಣ್ಣುಗಳು ಸೊಸೆಯು ಎಲ್ಲಿಗೆ ಹೋದಳೆಂಬುದನ್ನೂ ಬಲ್ಲವು. ಗೆಳತಿಯೊಡನೆ ನಾನು ಮಧ್ಯಾಹ್ನದ ಸಿನಿಮಾಕ್ಕೆ ಹೋಗಿ ಬಂದ ವರ್ತಮಾನವು ನನಗಿಂತ ಮೊದಲೇ ಮೆಟ್ಟಿಲನ್ನೇರಿ ಅತ್ತೆಯವರ ಕಿವಿಯನ್ನು ಸೇರಿದ್ದಿತು. ನಾನೂ ನನ್ನ ಯಜಮಾನರೂ ಗಟ್ಟಿಯಾಗಿ ಮಾತನಾಡಿದ ಮರುದಿನ ಶೆಟ್ಟರು ಹಿತವಚನಗಳನ್ನು ಹೇಳುತ್ತಿದ್ದರು. ಮುಂಜಾನೆ ಐದು ಗಂಟೆಗೆ ಹಮಾಲರ ಕೂಗು. ರಾತ್ರಿ ಹತ್ತರವರೆಗೆ ಮೂಟೆಗಳ ದಡಬಡ. ಮಳೆ ಬಂದರೆ ಚರಂಡಿಯ ನಾತ. ಹತ್ತೊಂಬತ್ತು ಮೆಟ್ಟಿಲುಗಳಲ್ಲಿ ಆರು ಏಳು ಯಾವಾಗಲೂ ನೂಲಿನ ಪೆಟ್ಟಿಗೆಗಳ ವಶದಲ್ಲಿರುತ್ತಿದ್ದವು. ಸಂತೆಯ ನಡುವೆ ಮನೆ ಮಾಡಿದವರ ಪಾಡನ್ನು ನಮ್ಮ ಅಕ್ಕಮಹಾದೇವಿಯು ದೃಷ್ಟಾಂತವಾಗಿ ಎತ್ತಿಕೊಂಡದ್ದು ಸುಮ್ಮನೆ ಅಲ್ಲ.

ಈ ಬಗೆಯ ವಾಸವು ನಮ್ಮ ಊರಿನಷ್ಟೇ ಹಳೆಯದು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಪೇಟೆಯ ಬೀದಿಗಳ ಹೆಸರುಗಳನ್ನೇ ನೋಡಿದರೆ ಸಾಕು: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ. ಕಸುಬಿನ ಹೆಸರೇ ವಾಸದ ಹೆಸರೂ ಆಗಿದ್ದಿತು. ಇತರ ದೇಶಗಳಲ್ಲಿಯೂ ಹೀಗೆಯೇ. ರೋಮಿನ ರೇವುಪಟ್ಟಣವಾಗಿದ್ದ ಆಸ್ಟಿಯದಲ್ಲಿ ಎರಡನೆಯ ಶತಮಾನದ ಮಹಡಿಮನೆಗಳ ಕೆಳಭಾಗದಲ್ಲಿ ಅಂಗಡಿಗಳಿದ್ದುದನ್ನು ಇಂದಿಗೂ ಕಾಣಬಹುದು. ಸಿಂಗಪುರಕ್ಕೆ 1822ರಲ್ಲಿ ನಕ್ಷೆ ಹಾಕಿಸಿದಾಗ, ಮೇಲೆ ವಾಸವೂ ಕೆಳಗೆ ವ್ಯಾಪಾರವೂ ಇರುವ ಮನೆಗಳ ಮುಂದೆ ದಾರಿಹೋಕರು ಬಿಸಿಲು ಮಳೆಗಳಿಗೆ ಸಿಕ್ಕದೆ ನಡೆಯುವಂತೆ ಜಗಲಿಗಳನ್ನು ಬಿಡಬೇಕೆಂದು ಕಟ್ಟಳೆ ಮಾಡಿದರು. ಐದಡಿ ಹಾದಿಯೆಂದು ಅದಕ್ಕೆ ಹೆಸರು.

ಈ ಜೋಡಿಯು ಬೇರ್ಪಟ್ಟದ್ದು ಈಚೆಗೆ. 1898ರಲ್ಲಿ ಪ್ಲೇಗು ಪೇಟೆಯನ್ನು ಹೊಕ್ಕಾಗ ಬೆಳಕು ಗಾಳಿಗಳಿಲ್ಲದ ಇಕ್ಕಟ್ಟಿನ ಮನೆಗಳ ದೋಷವು ಎಲ್ಲರ ಕಣ್ಣಿಗೂ ಬಿದ್ದಿತು. ಬಸವನಗುಡಿ, ಮಲ್ಲೇಶ್ವರಗಳಂತಹ ಹೊಸ ಬಡಾವಣೆಗಳು ಬೆಳೆದವು. ಅಲ್ಲಿ ಮನೆಗೆ ಮನೆಯ ಬೀದಿ, ಅಂಗಡಿಗೆ ಅಂಗಡಿಯ ಬೀದಿ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಲ್ಲಿ ಕಾಲಕ್ರಮದಲ್ಲಿ ನಾಲ್ಕನೆಯ ಬ್ಲಾಕಿನಲ್ಲಿ ಅಂಗಡಿಗಳಿಗೆಂದೇ ದೊಡ್ಡ ಕಟ್ಟಡವೆದ್ದಿತು. ಗಾಳಿ ಬೆಳಕುಗಳು ದೊರೆತವು. ಆದರೆ ಊರು ಹರಡಿದಷ್ಟೂ ಒಂದು ಕಟ್ಟು ಕೊತ್ತಂಬರಿಗೂ ವಾಹನವನ್ನೇರುವ ಕಾಲ ಬಂದಿತು. ಅಮೆರಿಕದಲ್ಲಿ ಜೇನ್ ಜೇಕಬ್ಸ್ ಎಂಬ ಮಹಿಳೆಯು 1961ರಲ್ಲಿ ಬರೆದ ಗ್ರಂಥದಲ್ಲಿ ಈ ಬೇರ್ಪಡಿಕೆಯನ್ನೇ ಕಟುವಾಗಿ ಟೀಕಿಸಿದರು. ಅಂಗಡಿಯೂ ಮನೆಯೂ ಬೆರೆತ ಬೀದಿಯ ಮೇಲೆ ಹಗಲಿರುಳೂ ಯಾರಾದರೊಬ್ಬರ ಕಣ್ಣಿರುವುದರಿಂದ ಅದು ತಾನಾಗಿಯೇ ಸುರಕ್ಷಿತವಾಗಿರುವುದೆಂಬುದು ಅವರ ವಾದದ ತಿರುಳು. ನೆರೆಯವರು ಬೀಗದ ಕೈಗಳನ್ನು ಅಂಗಡಿಯವನ ಬಳಿ ಬಿಟ್ಟುಹೋಗುವ ಪದ್ಧತಿಯನ್ನು ಅವರು ವಿವರವಾಗಿ ಬಣ್ಣಿಸಿದ್ದಾರೆ. ಅದನ್ನು ಓದಿದಾಗ ನ್ಯೂಯಾರ್ಕಿನಲ್ಲಿಯೂ ಒಬ್ಬ ಶೆಟ್ಟರಿದ್ದರಲ್ಲ ಎಂದು ನನಗೆ ಸಂತೋಷವಾಯಿತು.

ಇನ್ನು ನಮ್ಮ ಕಥೆಗೆ ಬರುವೆನು. 2018ರ ಮಳೆಗಾಲದಲ್ಲಿ ಅತ್ತೆಯವರು ಒಂದು ನೂಲಿನ ಪೆಟ್ಟಿಗೆಯನ್ನು ತಪ್ಪಿಸಿ ಕಾಲಿಡಲು ಹೋಗಿ ಹನ್ನೊಂದನೆಯ ಮೆಟ್ಟಿಲಿನಿಂದ ಉರುಳಿದರು. ಸೊಂಟದ ಮೂಳೆ ಮುರಿಯಿತು. ಅವರನ್ನು ಕೆಳಕ್ಕಿಳಿಸಲು ನಾಲ್ವರು ಹಮಾಲರು ಕುರ್ಚಿಯೊಂದನ್ನು ಹೆಗಲಿಗೇರಿಸಬೇಕಾಯಿತು. ಆಂಬ್ಯುಲೆನ್ಸು ಓಣಿಯ ಬಾಯಿಯಲ್ಲಿಯೇ ನಿಂತಿದ್ದಿತು. ಶಸ್ತ್ರಕ್ರಿಯೆಯಾಗಿ ಮನೆಗೆ ಬಂದ ಮೇಲೆ ಅವರು ನಾಲ್ಕು ತಿಂಗಳ ಕಾಲ ಬೀದಿಯನ್ನು ಕಿಟಕಿಯಿಂದ ಮಾತ್ರ ಕಂಡರು. ಚಿತ್ರಪುಸ್ತಕವು ಬಂದದ್ದು ಆ ಕಾಲದಲ್ಲಿ. ಹಿತ್ತಿಲ ಮನೆಯನ್ನು ಕಳೆದುಕೊಂಡು ನಾನು ಹೇಗೆ ಪೇಟೆಗೆ ಬಂದೆನೋ ಹಾಗೆಯೇ ಪೇಟೆಯನ್ನು ಬಿಟ್ಟು ಅವರು 2019ರಲ್ಲಿ ಹದಿನಾಲ್ಕನೆಯ ಅಂತಸ್ತಿಗೆ ಬಂದರು.

ಹೊಸ ಮನೆಯ ಉಪಕಾರವನ್ನು ನಾನು ಮರೆಯಲಾರೆನು. ಬಂದ ವಾರದಲ್ಲಿಯೇ ಅತ್ತೆಯವರು ಗಾಲಿಕುರ್ಚಿಯಲ್ಲಿ ಲಿಫ್ಟಿನಿಂದಿಳಿದು, ಮಾಲಿನ ನಯವಾದ ನೆಲದ ಮೇಲೆ ಒಂದು ಗಂಟೆ ಸುತ್ತಾಡಿದರು. ಆರು ತಿಂಗಳಲ್ಲಿ ಕೋಲನ್ನೂರಿಕೊಂಡು ತಾವೇ ನಡೆದರು. ಬೆಂಗಳೂರಿನ ಒಡೆದ ಕಾಲುದಾರಿಗಳಲ್ಲಿ ಅದು ಸಾಧ್ಯವಿರಲಿಲ್ಲ. 2020ರ ಮಾರ್ಚಿಯಲ್ಲಿ ದೇಶಕ್ಕೆಲ್ಲ ಬಾಗಿಲು ಹಾಕಿದಾಗ ಕೆಳಗಿನ ಔಷಧದ ಅಂಗಡಿಯೂ ದಿನಸಿಯ ಅಂಗಡಿಯೂ ನಮ್ಮನ್ನು ಕಾಪಾಡಿದವು. ಒಂದು ರಾತ್ರಿ ನನ್ನ ಯಜಮಾನರಿಗೆ ಜ್ವರವೇರಿದಾಗ ಕೆಳಗಿನ ಚಿಕಿತ್ಸಾಲಯದ ದಾದಿಯು ಹತ್ತು ನಿಮಿಷದಲ್ಲಿ ಬಾಗಿಲಿನಲ್ಲಿದ್ದಳು. ನಮ್ಮ ಮೊಮ್ಮಗಳು ರಸ್ತೆಯನ್ನು ದಾಟದೆಯೇ ಸಂಗೀತದ ಪಾಠಕ್ಕೆ ಹೋಗಿಬರುವಳು. ಮೇಲಾಗಿ, ನಾನು ಯಾವ ಸಿನಿಮಾಕ್ಕೆ ಹೋದೆನೆಂದು ಕೇಳುವವರು ಯಾರೂ ಇಲ್ಲ! ಅರುವತ್ತರ ಸಮೀಪದಲ್ಲಿ ದೊರೆತ ಆ ಸ್ವಾತಂತ್ರ್ಯವು ಹಗುರವಾದುದೆಂದು ನಾನು ಹೇಳೆನು.

ದೋಷಗಳು ಮೆಲ್ಲಮೆಲ್ಲನೆ ತಿಳಿದುಬಂದವು. ಮಾಲಿನಲ್ಲಿ ಇಟಲಿಯ ಚರ್ಮದ ಚೀಲವುಂಟು. ಹರಿದ ಚೀಲವನ್ನು ಹೊಲಿಯುವವನಿಲ್ಲ. ಹನ್ನೆರಡು ಬಗೆಯ ಕಾಫಿಯುಂಟು; ಹಿಟ್ಟಿನ ಗಿರಣಿಯಿಲ್ಲ. ಸೀರೆಗೆ ಅಂಚು ಕಟ್ಟುವವನು, ಗಡಿಯಾರ ರಿಪೇರಿಯವನು, ಮೊಳದ ಲೆಕ್ಕದಲ್ಲಿ ಹೂ ಮಾರುವವಳು, ಒಬ್ಬರೂ ಇಲ್ಲ. ತರಕಾರಿಯ ತಳ್ಳುಗಾಡಿಯನ್ನು ಹೆಬ್ಬಾಗಿಲಿನಿಂದಾಚೆಗೆ ತಡೆಯುವರು. ಮೊದಲು ಇದು ಆಡಳಿತದವರ ಅನಾದರವೆಂದು ನಾನು ತಿಳಿದಿದ್ದೆನು. ನನ್ನ ಯಜಮಾನರು ಲೆಕ್ಕಪತ್ರದ ಕೆಲಸದಲ್ಲಿ ಮೂವತ್ತು ವರ್ಷ ಕಳೆದವರು. ಅವರು ನನಗೆ ಇದರ ಮರ್ಮವನ್ನು ತಿಳಿಯಹೇಳಿದರು. ಹೊಸ ಕಟ್ಟಡಕ್ಕೆ ಹಾಕಿದ ಬಂಡವಾಳ ಹೆಚ್ಚು. ಆದಕಾರಣ ಬಾಡಿಗೆ ಹೆಚ್ಚು. ಆ ಬಾಡಿಗೆಯನ್ನು ಸೂಜಿ ನೂಲುಗಳ ಲಾಭದಿಂದ ಕಟ್ಟಲಾಗದು. ಹಳೆಯ ಕಟ್ಟಡದ ಸಾಲವು ಎಂದೋ ತೀರಿರುವುದರಿಂದ ಅಲ್ಲಿ ಶೆಟ್ಟರು ಬದುಕಬಲ್ಲರು. ಊರೆಂದ ಮೇಲೆ ಅದರಲ್ಲಿ ಹೊಸ ಕಟ್ಟಡಗಳ ಜೊತೆಗೆ ಹಳೆಯವೂ ಇರಬೇಕೆಂದು ಜೇನ್ ಜೇಕಬ್ಸ್ ಹೇಳಿದ್ದು ಇದೇ ಕಾರಣಕ್ಕೆ.

ಇನ್ನೊಂದು ಕಾರಣವೂ ಉಂಟು. ಆರುನೂರು ಮನೆಗಳವರು ಎಷ್ಟೇ ಕೊಂಡರೂ ಮೂರು ಅಂತಸ್ತಿನ ಅಂಗಡಿಗಳ ಹೊಟ್ಟೆ ತುಂಬದು. ಫ್ರಾನ್ಸಿನ ಮಾರ್ಸೇಲ್ಸಿನಲ್ಲಿ ಲ ಕಾರ್ಬೂಸಿಯೇ ಎಂಬ ಪ್ರಸಿದ್ಧ ಶಿಲ್ಪಿಯು 1952ರಲ್ಲಿ ಮುಗಿಸಿದ 337 ಮನೆಗಳ ಮಹಾಸೌಧದ ನಡುವಣ ಅಂತಸ್ತಿನಲ್ಲಿ ಅಂಗಡಿಗಳ ಬೀದಿಯನ್ನೇ ಇಟ್ಟನು. ಬೀದಿಯ ಜನರ ಕಣ್ಣಿಗೆ ಬೀಳದ ಆ ಅಂಗಡಿಗಳಿಗೆ ಮೇಲಿನವರ ಕೊಳ್ಳುವಿಕೆಯೊಂದೇ ಸಾಲದೆ ಹಲವು ಮುಚ್ಚಿಹೋದವು. ಆದುದರಿಂದ ಮಾಲಿನವರು ಊರನ್ನೆಲ್ಲ ಕರೆಯಲೇಬೇಕು. ಕರೆದರೆ ಊರೆಲ್ಲ ಕಾರಿನಲ್ಲಿ ಬರುವುದು. ಶನಿವಾರ ಭಾನುವಾರಗಳಲ್ಲಿ ನಮ್ಮ ಮನೆಗೆ ನೆಂಟರು ಬರಬೇಕಾದರೆ ಅರ್ಧ ಮೈಲಿಯ ಕಾರಿನ ಸಾಲಿನಲ್ಲಿ ನಿಲ್ಲಬೇಕು. ಅಂಗಳದ ವಾದ್ಯಗೋಷ್ಠಿಯ ಅಬ್ಬರವು ಹದಿನಾಲ್ಕನೆಯ ಅಂತಸ್ತಿನವರೆಗೂ ಏರುವುದು. ರಸ್ತೆಯನ್ನು ದಾಟದೆ ಬದುಕಬಹುದೆಂದು ಹೇಳಿದ್ದು ದಿಟ. ರಸ್ತೆಯೇ ಒಳಕ್ಕೆ ಬರುವುದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಇಷ್ಟಾದರೂ ನಾಲ್ಕು ವರ್ಷದಲ್ಲಿ ಲಿಫ್ಟಿನೆದುರಿನ ಒಂದೇ ಮಳಿಗೆಯಲ್ಲಿ ಮೂರು ಅಂಗಡಿಗಳು ಹುಟ್ಟಿ ಅಳಿದವು. ಮುಖವು ಪರಿಚಯವಾಗುವಷ್ಟರಲ್ಲಿ ಫಲಕವು ಬದಲಾಗುವುದು.

ಇದು ಬರಿಯ ಕೊರಗಾಗಿಯೇ ಉಳಿಯುತ್ತಿದ್ದಿತೋ ಏನೋ. 2023ರ ಶ್ರಾವಣದ ಒಂದು ಶುಕ್ರವಾರ ನಡೆದ ಸಂಗತಿಯಿಂದ ಅದು ಚಿಂತೆಯಾಗಿ ತಿರುಗಿತು. ಅಷ್ಟು ಹೊತ್ತಿಗೆ ಅತ್ತೆಯವರಿಗೆ ಮರೆವು ತಲೆದೋರಿದ್ದಿತು. ಅಂದು ಸಂಜೆ ನಾನು ದೇವರ ಮುಂದೆ ದೀಪವನ್ನು ಅಣಿಮಾಡುತ್ತಿರಲು ಅವರು ಹೂ ತರುವೆನೆಂದು ತಾವಾಗಿಯೇ ಇಳಿದುಹೋದರು. ಅರ್ಧ ಗಂಟೆ ಕಳೆದರೂ ಬರಲಿಲ್ಲ. ನಾವು ಇಳಿದೆವು. ವರಮಹಾಲಕ್ಷ್ಮಿಯ ಹಬ್ಬದ ಜನಸಂದಣಿ; ಮೂರು ಅಂತಸ್ತು; ಆರು ಬಾಗಿಲು. ಅಂಗಡಿಯಿಂದ ಅಂಗಡಿಗೆ ಓಡಿ ಕೇಳಿದೆವು. ಎಲ್ಲರೂ ಸಭ್ಯರೇ, ಎಲ್ಲರೂ ಮರುಗಿದರು, ಆದರೆ ಹಸಿರು ಸೀರೆಯ ಮುದುಕಿಯೊಬ್ಬರನ್ನು ಕಂಡಿರಾ ಎಂದರೆ ದಿನಕ್ಕೆ ಸಾವಿರಾರು ಮುಖಗಳನ್ನು ಕಾಣುವವರು ಏನೆಂದಾರು? ಕಾವಲಿನವರು ಕ್ಯಾಮೆರಾಗಳ ಚಿತ್ರವನ್ನು ನೋಡಲು ಮೇಲಿನವರ ಅಪ್ಪಣೆಗಾಗಿ ಕಾದರು. ಬಹು ವರ್ಷಗಳ ಹಿಂದೆ ಮಗನನ್ನು ಕಳೆದುಕೊಂಡ ಐದು ನಿಮಿಷಗಳೂ, ಅಂದಿನ ಮೂರು ಗಂಟೆಗಳೂ ನನ್ನ ಮನಸ್ಸಿನಲ್ಲಿ ಒಂದರ ಪಕ್ಕದಲ್ಲಿ ಒಂದು ಬಂದು ನಿಂತವು.

ಅವರನ್ನು ಕಂಡುಹಿಡಿದವಳು ನೆಲವನ್ನು ಒರೆಸುವ ಹೆಂಗಸು. ಸಾಮಾನು ಸಾಗಿಸುವ ಹಿಂಬಾಗಿಲ ಓಣಿಯಲ್ಲಿ ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಅತ್ತೆಯವರು ಕುಳಿತಿದ್ದರು. ಮಾಲಿನ ಬೆಳಕಿನ ಹಾದಿಗಳಲ್ಲಿ ಮನೆಯ ಲಿಫ್ಟು ಸಿಕ್ಕದೆ, ಪೆಟ್ಟಿಗೆಗಳನ್ನು ಒಟ್ಟಿದ್ದ ಆ ಮಬ್ಬು ಓಣಿಯನ್ನು ಪೇಟೆಯೆಂದೇ ತಿಳಿದು ಅಲ್ಲಿ ನಿಂತಿರಬೇಕು. “ಈ ಅಜ್ಜಿ ದಿನಾ ಬೆಳಿಗ್ಗೆ ಕಾರಂಜಿಯ ಹತ್ತಿರ ನಡೆಯುತ್ತಾರೆ, ನನ್ನನ್ನು ಊಟವಾಯಿತೇ ಎಂದು ಕೇಳುತ್ತಾರೆ. ಕೆಂಪು ಲಿಫ್ಟಿನವರು” ಎಂದು ಅವಳು ಕಾವಲಿನವನಿಗೆ ಹೇಳಿದಳಂತೆ. ಆರುನೂರು ಮನೆಗಳು, ನೂರಿಪ್ಪತ್ತು ಅಂಗಡಿಗಳು. ಇಷ್ಟರ ನಡುವೆ ನಮ್ಮ ಮನೆಯ ಹಿರಿಯರನ್ನು ಬಲ್ಲವಳು ಅವಳೊಬ್ಬಳು. ನಾನು ಅವಳ ಕೈಯನ್ನು ಹಿಡಿದುಕೊಂಡು ಅತ್ತೆನು. ಅತ್ತೆಯವರು ಮಾತ್ರ ಏನೂ ನಡೆಯದಂತೆ, “ಕತ್ತಲಾಯಿತಲ್ಲೇ ತಾಯಿ, ನಿನ್ನ ಮನೆ ಎಲ್ಲಿ?” ಎಂದು ಕೇಳಿದರು. ಎರಡು ಬಸ್ಸುಗಳನ್ನು ಹಿಡಿದು ಒಂದೂವರೆ ಗಂಟೆಯ ದಾರಿಯೆಂದು ಅವಳು ಹೇಳಿದಳು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕೆಳಗಿನ ಅಂಗಡಿಯವನು ಎಲ್ಲಿ ಮಲಗುತ್ತಾನೆ ಎಂಬ ಆ ಮಾತು ಹಾಸ್ಯವಲ್ಲವೆಂದು ಅಂದು ನನಗೆ ತಿಳಿಯಿತು. ಹತ್ತಿರವಿರುವುದು ಬೇರೆ, ನೆರೆಯಾಗಿರುವುದು ಬೇರೆ. ಅಂಗಡಿಯನ್ನು ಮನೆಯ ಹತ್ತಿರಕ್ಕೆ ತರುವುದು ಶಿಲ್ಪಿಗಳ ಕೆಲಸ; ಹಣವಿದ್ದರೆ ಎರಡು ವರ್ಷದಲ್ಲಿ ಆಗುವುದು. ನೆರೆಯು ಹುಟ್ಟಬೇಕಾದರೆ ಮಾರುವವನೂ ಕೊಳ್ಳುವವನೂ ಬಹುಕಾಲ ಒಂದೇ ಕಡೆಯಲ್ಲಿ ಉಳಿಯಬೇಕು; ಒಬ್ಬರ ದೀಪವು ಇನ್ನೊಬ್ಬರಿಗೆ ಕಾಣಬೇಕು. ಸಾಮಾನುಗಳನ್ನೆಲ್ಲ ಒಂದೆಡೆ ಬೆರೆಸಿ ಮನುಷ್ಯರನ್ನು ಮಾತ್ರ ಅಂತಸ್ತಿಗೆ ತಕ್ಕಂತೆ ಬೇರೆ ಬೇರೆ ಇಟ್ಟರೆ ಬೆರಕೆಯು ಅರ್ಧವೇ ಆಯಿತು. ಮಾರುವವರೂ ಒರೆಸುವವರೂ ಒಂದೂವರೆ ಗಂಟೆಯ ದಾರಿಯಾಚೆ ಮಲಗುವ ಕಡೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಅಂಗಡಿಗಳ ಬೀದಿಯು ಬರಿಯ ಬೀಗಗಳ ಸಾಲು.

ಇಷ್ಟನ್ನು ಕಂಡುಕೊಂಡೆನೆಂಬ ಜಂಬವು ಬಹುಕಾಲ ನಿಲ್ಲಲಿಲ್ಲ. ಕಳೆದ 2025ನೆಯ ಇಸವಿಯಲ್ಲಿ ಪೇಟೆಯ ನಮ್ಮ ಹಳೆಯ ಮನೆಯು ನನ್ನನ್ನು ಪರೀಕ್ಷೆಗೆ ಗುರಿಮಾಡಿತು. ಕೆಳಗಿನ ಅಂಗಡಿಯನ್ನು ಈಗ ನಡೆಸುತ್ತಿರುವವರು ಶೆಟ್ಟರ ಮಗ. ಅವರ ಮನೆ ರಾಜಾಜಿನಗರದಲ್ಲಿ. ಮೆಟ್ರೋದಲ್ಲಿ ಬಂದು ಮೆಟ್ರೋದಲ್ಲಿ ಹಿಂದಿರುಗುವರು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಈಗ ಮೂಟೆಗಳ ಸಂಸಾರ. ಓಣಿಯ ಇಪ್ಪತ್ತು ಮನೆಗಳಲ್ಲಿ ಹದಿನಾರರ ಮೇಲ್ಮಾಳಿಗೆಗಳು ಗೋದಾಮುಗಳಾಗಿವೆ. ಚೈತ್ರ ಪೌರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯ ಕರಗವು ಪೇಟೆಯನ್ನು ಸುತ್ತಿ ಬರುವಾಗ ಹಿಂದೆ ಪ್ರತಿಯೊಂದು ಮಾಳಿಗೆಯಲ್ಲಿಯೂ ನೆಂಟರಿಷ್ಟರು ಕಿಕ್ಕಿರಿಯುತ್ತಿದ್ದರು. ಈಗ ಆ ಮಾಳಿಗೆಗಳಲ್ಲಿ ನಿಂತು ನೋಡುವವರಿಲ್ಲ. ಕೆಳಗಿನ ಅಂಗಡಿಯವನು ಎಲ್ಲಿ ಮಲಗುತ್ತಾನೆ ಎಂಬ ಪ್ರಶ್ನೆಯನ್ನು ಪೇಟೆಗೂ ಕೇಳಬೇಕಾದ ಕಾಲ ಬಂದಿದೆ.

ಬಟ್ಟೆಯ ಸಗಟು ವರ್ತಕರೊಬ್ಬರು ನಮ್ಮ ಮೇಲಿನ ಮನೆಯನ್ನು ಗೋದಾಮಿಗೆ ಕೇಳಿದರು. ಅದೇ ತಿಂಗಳಲ್ಲಿ ಶೆಟ್ಟರ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸಕ್ಕಿರುವ ಒಬ್ಬಾತನು ಹೆಂಡತಿ ಮಗಳೊಡನೆ ವಾಸಕ್ಕೆ ಕೇಳಿದನು. ವರ್ತಕರು ಹೇಳಿದ ಬಾಡಿಗೆಯ ಅರ್ಧವನ್ನೂ ಅವನು ಕೊಡಲಾರನು. ನನ್ನ ಒಲವು ಯಾರ ಕಡೆಗೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಆ ವರ್ಷವೇ ಮೇ 18ರಂದು ಹೈದರಾಬಾದಿನ ಚಾರ್‌ಮಿನಾರಿನ ಸಮೀಪದಲ್ಲಿ, ಕೆಳಗೆ ಅಂಗಡಿಯೂ ಮೇಲೆ ವಾಸವೂ ಇದ್ದ ಮನೆಗೆ ಬೆಂಕಿ ತಗುಲಿ ಮಕ್ಕಳು ಮರಿಗಳು ಸೇರಿ 17 ಮಂದಿ ತೀರಿಹೋದರು. ಆಗಸ್ಟ್ 16ರ ನಸುಕಿನಲ್ಲಿ ನಮ್ಮ ನಗರ್ತಪೇಟೆಯಲ್ಲಿಯೇ ಅಂತಹ ಕಟ್ಟಡವೊಂದು ಹೊತ್ತಿಕೊಂಡು ಐವರು ಮಡಿದರು. ಅವರಲ್ಲಿ ನಾಲ್ವರು ಮೇಲಿನ ಮಹಡಿಯಲ್ಲಿ ಮಲಗಿದ್ದ ಒಂದೇ ಸಂಸಾರದ ತಂದೆ, ತಾಯಿ, ಇಬ್ಬರು ಮಕ್ಕಳು. ಆ ಓಣಿಯು ನಾನು ನೂರಾರು ಸಲ ನಡೆದ ದಾರಿಗೆ ದೂರವಲ್ಲ. ಒಂದೇ ಮೆಟ್ಟಿಲು, ಆ ಮೆಟ್ಟಿಲಿನ ಮೇಲೆ ಪೆಟ್ಟಿಗೆಗಳು: ನಾನು ಮೂವತ್ತೈದು ವರ್ಷ ಮಕ್ಕಳನ್ನು ಮಲಗಿಸಿದ್ದು ಎಂತಹ ಕಡೆಯಲ್ಲೆಂದು ಅಂದು ನೆನೆದು ನಡುಗಿದೆನು.

“ಗೋದಾಮಿಗೆ ಕೊಟ್ಟರೆ ಯಾರ ಪ್ರಾಣದ ಹೊಣೆಯೂ ನಮ್ಮ ಮೇಲಿಲ್ಲ” ಎಂದರು ನನ್ನ ಯಜಮಾನರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂಲೆಯಲ್ಲಿ ಕುಳಿತು ಬತ್ತಿಯನ್ನು ಹೊಸೆಯುತ್ತಿದ್ದ ಅತ್ತೆಯವರು, ಕೆಲವು ದಿನ ನನ್ನ ಹೆಸರನ್ನೂ ಮರೆಯುವವರು, ತಲೆಯೆತ್ತದೆಯೇ, “ನಮ್ಮ ಮನೆಯ ತುಂಬ ಬಟ್ಟೆಯನ್ನು ಒಟ್ಟಿದರೆ ಪಕ್ಕದ ಮನೆಯವರ ಪ್ರಾಣದ ಹೊಣೆ ಯಾರದು? ಅಲ್ಲಿ ಆ ದರ್ಜಿಯ ಮಕ್ಕಳು ಇಲ್ಲವೆ?” ಎಂದರು. ದರ್ಜಿಯ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ; ಆದರೆ ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ. ನನ್ನ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡರು.

ಹಿಂಬದಿಯಿಂದ ಪಕ್ಕದ ಓಣಿಗಿಳಿಯುವ ಒಂದು ಕಬ್ಬಿಣದ ಮೆಟ್ಟಿಲು. ವಿದ್ಯುತ್ತಿನ ಹಳೆಯ ತಂತಿಗಳನ್ನೆಲ್ಲ ಕಿತ್ತು ಹೊಸದು. ಕಿಟಕಿಯ ಕಂಬಿಗೆ ಒಳಗಿನಿಂದ ತೆರೆಯುವ ಬಾಗಿಲು. ಮೆಟ್ಟಿಲಿನ ಮೇಲೆ ಒಂದು ದಾರದುಂಡೆಯನ್ನೂ ಇಡಕೂಡದೆಂದು ಕೆಳಗಿನ ಅಂಗಡಿಯ ಕರಾರಿನಲ್ಲಿ ಒಂದು ವಾಕ್ಯ. ಕೆಲಸದಾತನ ಬಾಡಿಗೆಯಿಂದ ಈ ಖರ್ಚು ಹುಟ್ಟಬೇಕಾದರೆ ಮೂರು ವರ್ಷ ಬೇಕು. ಶೆಟ್ಟರ ಮಗನು ಮೊದಲು ಗೊಣಗಿದರೂ ಕಡೆಗೆ ನಾಲ್ಕನೆಯ ಒಂದು ಪಾಲನ್ನು ತಾನೇ ವಹಿಸಿಕೊಂಡನು; ರಾತ್ರಿ ಅಂಗಡಿಯ ಮೇಲೆ ತನ್ನವನೊಬ್ಬನಿದ್ದರೆ ಅವನಿಗೂ ನೆಮ್ಮದಿಯೇ. ಹೊಸ ಮನೆಯಲ್ಲಿಯೂ ನಾವು ಕೈಕಟ್ಟಿ ಕೂರಲಿಲ್ಲ. ನಿವಾಸಿಗಳ ಸಂಘದಲ್ಲಿ ಎರಡು ವರ್ಷ ವಾದಿಸಿದ ಮೇಲೆ ಲಿಫ್ಟಿನ ಬಳಿ ನಾಲ್ಕು ಬೆಂಚುಗಳೂ, ಹೂವಾಡಗಿತ್ತಿಗೆ ಬಾಡಿಗೆಯಿಲ್ಲದ ಒಂದು ಮೇಜೂ ದೊರೆತಿವೆ. ಹೊಲಿಗೆಯವನಿಗೆ ಇನ್ನೂ ಅಪ್ಪಣೆಯಾಗಿಲ್ಲ. ಕೆಲಸಗಾರರಿಗೆ ಹತ್ತಿರದಲ್ಲಿ ವಾಸದ ಏರ್ಪಾಡು ಎಂದರೆ ಸಭೆಯಲ್ಲಿ ಗಡಿಯಾರವನ್ನು ನೋಡುವವರೇ ಹೆಚ್ಚು. ಆದರೂ ಅತ್ತೆಯವರ ಹೆಸರು ಹೂವಾಡಗಿತ್ತಿಗೆ ಗೊತ್ತು. ಅಷ್ಟು ಮಟ್ಟಿಗೆ ನನಗೆ ನಿದ್ರೆ ಬರುತ್ತದೆ.

ಮನೆಯನ್ನು ನೋಡಹೋಗುವವರು ಗೋಡೆ, ನೀರು, ದಿಕ್ಕುಗಳನ್ನು ವಿಚಾರಿಸುವರು, ವಿಚಾರಿಸಲಿ. ಅಂಗಡಿಯ ಮೇಲಿನ ಮನೆಯಾದರೆ ಇನ್ನೆರಡು ಮಾತುಗಳನ್ನು ಕೇಳಬೇಕೆಂದು ನನ್ನ ಸಲಹೆ. ಬೆಂಕಿ ಬಿದ್ದರೆ ಇಳಿಯಲು ಎರಡನೆಯ ದಾರಿ ಯಾವುದು? ಮಗುವೋ ಮುದುಕರೋ ದಾರಿ ತಪ್ಪಿದರೆ ಗುರುತಿಸುವವರು ಯಾರು? ಹಳೆಯ ಪೇಟೆಯು ಮೊದಲನೆಯದಕ್ಕೆ ತಲೆತಗ್ಗಿಸುವುದು. ಹೊಸ ಮಾಲು ಎರಡನೆಯದಕ್ಕೆ. ಎರಡಕ್ಕೂ ಉತ್ತರವಿರುವ ಮನೆಯನ್ನು ಕಟ್ಟಲಾಗದೆಂದು ನನಗೆ ತೋರುವುದಿಲ್ಲ.

ದೀಪಾವಳಿಯ ಮುನ್ನಾದಿನ ಅತ್ತೆಯವರನ್ನು ಕರೆದುಕೊಂಡು ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋದೆವು. ಹತ್ತೊಂಬತ್ತು ಮೆಟ್ಟಿಲುಗಳನ್ನು ಅವರು ಹತ್ತಲಾರರು. ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂರಿಸಿದೆವು. ಮೇಲಿನ ಕಿಟಕಿಯಲ್ಲಿ ಕೆಲಸದಾತನ ಮಗಳು ನಿಂತಿದ್ದಳು. ಅತ್ತೆಯವರು ಅತ್ತ ನೋಡಿ, ಇತ್ತ ನೋಡಿ, ಅವನನ್ನು ಕರೆದು, “ಏನಪ್ಪಾ, ನೀನು ರಾತ್ರಿ ಎಲ್ಲಿ ಮಲಗುತ್ತೀ?” ಎಂದು ಕೇಳಿದರು. “ಇಲ್ಲೇ ಮೇಲೆ, ಅಮ್ಮಾ” ಎಂದು ಅವನು ಕೈತೋರಿಸಿದನು. ಐದು ನಿಮಿಷ ಕಳೆದ ಮೇಲೆ ಮತ್ತೆ ಕೇಳಿದರು. ಹೊರಡುವಾಗ ಮೂರನೆಯ ಸಲ ಕೇಳಿದರು. ಮೂರು ಸಲವೂ ಅವನು ಬೇಸರಿಸದೆ ಅದನ್ನೇ ಹೇಳಿದನು. ಸಂಜೆಯಾಗುವಷ್ಟರಲ್ಲಿ ನಾವು ನಮ್ಮ ಹದಿನಾಲ್ಕನೆಯ ಅಂತಸ್ತನ್ನು ಸೇರಿದೆವು. ಲಿಫ್ಟಿನಲ್ಲಿ ಅತ್ತೆಯವರು ನನ್ನ ತೋಳನ್ನು ಹಿಡಿದುಕೊಂಡು, “ಹಳೆಯ ಮನೆಯಲ್ಲಿ ದೀಪ ಹಚ್ಚುವವರು ಇದ್ದಾರೆಯೆ?” ಎಂದರು. ಇದ್ದಾರೆ ಎಂದೆನು.